ವಿಷದ ಅಳತೆ, ಮದ್ದಿನ ಅಳತೆ

ಕನ್ನಡ ಕಾವ್ಯದಲ್ಲಿ ಹಾವು ಕಚ್ಚಿದ ಮಗು ಯಾವುದೆಂದು ಯಾರನ್ನು ಕೇಳಿದರೂ ಒಂದೇ ಹೆಸರು ಬರುತ್ತದೆ: ಲೋಹಿತಾಶ್ವ. ೧೩ನೆಯ ಶತಮಾನದ ರಾಘವಾಂಕ ತನ್ನ ಹರಿಶ್ಚಂದ್ರಕಾವ್ಯದಲ್ಲಿ ಆ ಹುಡುಗನನ್ನು ಅಡವಿಗೆ ಕಳುಹಿಸಿದ. ಅಂದಿನಿಂದ ಗಮಕಿಗಳ ಕಂಠದಲ್ಲಿ, ಕಂಪನಿ ನಾಟಕಗಳ ರಂಗದ ಮೇಲೆ, ಶಾಲೆಯ ಪಾಠಗಳಲ್ಲಿ ಅವನು ಮತ್ತೆ ಮತ್ತೆ ಸಾಯುತ್ತ ಬಂದಿದ್ದಾನೆ. ನಾವು ಮತ್ತೆ ಮತ್ತೆ ಕಣ್ಣೀರು ತರುತ್ತ ಬಂದಿದ್ದೇವೆ.

ಕಥೆಯನ್ನು ನಾನು ವಿಸ್ತಾರವಾಗಿ ಹೇಳಬೇಕಾಗಿಲ್ಲ. ಕಾಶಿಯಲ್ಲಿ ಮಾರಾಟವಾದ ತಾಯಿ ಮಗ ಇಬ್ಬರೂ ಒಬ್ಬ ಬ್ರಾಹ್ಮಣನ ಮನೆಯಲ್ಲಿ ಊಳಿಗಕ್ಕಿದ್ದಾರೆ. ಹುಡುಗ ಓರಗೆಯವರೊಂದಿಗೆ ಹುಲ್ಲು ಹುಳ್ಳಿಗಳನ್ನು ತರಲು ಅಡವಿಗೆ ಹೋಗುತ್ತಾನೆ. ಅಲ್ಲಿ ಹಾವು ಕಚ್ಚುತ್ತದೆ. ಜೊತೆಯ ಹುಡುಗರು ಹೆದರಿ ಊರಿಗೆ ಓಡಿ ಬರುತ್ತಾರೆ. ಸುದ್ದಿ ಚಂದ್ರಮತಿಯ ಕಿವಿಗೆ ಬಿದ್ದರೂ ಕೊಂಡವರ ಮನೆಯ ಕೆಲಸ ತೀರುವ ತನಕ ಅವಳಿಗೆ ಹೊರಡುವ ಸ್ವಾತಂತ್ರ್ಯವಿಲ್ಲ. ಅವಳು ಅಡವಿಯ ದಾರಿ ಹಿಡಿಯುವಾಗ ಕತ್ತಲು ಕವಿದಿದೆ. ಮುಂದಿನದೆಲ್ಲ ನಿಮಗೆ ತಿಳಿದದ್ದೇ: ಸ್ಮಶಾನ, ಸುಡುಗಾಡಿನ ತೆರಿಗೆ, ಹರಿಶ್ಚಂದ್ರನ ಸತ್ಯಪರೀಕ್ಷೆ, ಕೊನೆಗೆ ಶಿವಕೃಪೆಯಿಂದ ಮಗ ಎದ್ದು ಕೂರುವುದು. ನಮ್ಮ ಕಣ್ಣೀರೆಲ್ಲ ಆ ಸ್ಮಶಾನದ ದೃಶ್ಯಕ್ಕೇ ಮೀಸಲು.

ಆದರೆ ಹಾವು ಕಚ್ಚಿದ ಮಕ್ಕಳ ಚರಿತ್ರೆಯನ್ನು ಓದುತ್ತ ಹೋದ ನನ್ನನ್ನು ಆ ದೃಶ್ಯಕ್ಕಿಂತ ಅದರ ಹಿಂದಿನ ಕೆಲವು ಗಳಿಗೆಗಳು ಹೆಚ್ಚು ಕಾಡುತ್ತವೆ. ಹುಡುಗರು ಓಡಿ ಬಂದ ಹೊತ್ತು ಯಾವುದು? ತಾಯಿ ಹೊರಟ ಹೊತ್ತು ಯಾವುದು? ಆ ನಡುವೆ ಅವಳು ಒಡೆಯರ ಮನೆಯಲ್ಲಿ ಏನೇನು ಕೆಲಸ ಮಾಡಿದಳು? ಕವಿಗೆ ಅದು ಕರುಣರಸದ ಸಾಮಗ್ರಿ. ಚರಿತ್ರೆಯನ್ನು ನೋಡುವವನಿಗೆ ಅದೇ ಮುಖ್ಯ ಸಂಗತಿ. ಏಕೆಂದರೆ ಸರ್ಪದಷ್ಟನಾದ ಮಗುವಿನ ಬದುಕು ಸಾವುಗಳು ತೀರ್ಮಾನವಾಗುವುದು ಸ್ಮಶಾನದಲ್ಲಲ್ಲ, ಕಚ್ಚಿದ ಗಳಿಗೆಗೂ ಮದ್ದು ಮೈಗೆ ಸೇರುವ ಗಳಿಗೆಗೂ ನಡುವಿನ ಆ ಅಂತರದಲ್ಲಿ. ಆ ಅಂತರದಲ್ಲಿ ಮನುಷ್ಯ ಏನು ಮಾಡುತ್ತ ಬಂದ, ಮದ್ದನ್ನು ಹೇಗೆ ಕಂಡುಕೊಂಡ, ಕಂಡುಕೊಂಡ ಮೇಲೆ ಮಗುವಿಗೆ ಅದನ್ನು ಎಷ್ಟು ಕೊಡಬೇಕೆಂದು ತಿಳಿದ – ಇದಿಷ್ಟನ್ನು ಇಂದು ಹೇಳಬೇಕೆಂದಿದ್ದೇನೆ.

ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿತು ಎನ್ನುವುದಿಲ್ಲ, ‘ಹುಳ ಮುಟ್ಟಿತು’ ಎನ್ನುತ್ತಾರೆ. ಹೆಸರು ಹೇಳಿದರೆ ಬಂದೀತೆಂಬ ಅಂಜಿಕೆಯೂ ಪೂಜೆಗೊಳ್ಳುವ ದೇವತೆಯೆಂಬ ಗೌರವವೂ ಆ ಎರಡು ಮಾತುಗಳಲ್ಲಿ ಬೆರೆತಿವೆ. ನಾಗರ ಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು, ಅದೇ ಹಾಲಿನಿಂದ ಅಣ್ಣತಮ್ಮಂದಿರ ಬೆನ್ನು ತೊಳೆಯುವ ಅಕ್ಕತಂಗಿಯರ ಆಚಾರದಲ್ಲಿಯೂ ಇರುವ ಬೇಡಿಕೆ ಒಂದೇ: ನಮ್ಮ ಮನೆಯ ಹುಡುಗರನ್ನು ಮುಟ್ಟಬೇಡ. ಬೇಡಿಕೆ ಇಷ್ಟು ಹಳೆಯದಾಗಿರುವುದರಿಂದಲೇ ಅಪಾಯವೂ ಎಷ್ಟು ಹಳೆಯದೆಂದು ತಿಳಿಯಬಹುದು.

ಮುಟ್ಟಿದ ಮೇಲೆ ತಪ್ಪು ಯಾರದು? ಮಹಾಭಾರತದ ಅನುಶಾಸನಪರ್ವದ ಆದಿಯಲ್ಲಿ ಭೀಷ್ಮನು ಧರ್ಮರಾಯನಿಗೆ ಒಂದು ಕಥೆ ಹೇಳುತ್ತಾನೆ. ಗೌತಮಿ ಎಂಬ ಮುದುಕಿಯ ಮಗ ಹಾವು ಕಚ್ಚಿ ಸತ್ತ. ಅರ್ಜುನಕನೆಂಬ ಬೇಡ ಆ ಹಾವನ್ನು ಹಿಡಿದು ತಂದು, ಇದನ್ನು ಹೇಗೆ ಕೊಲ್ಲಲಿ ಎಂದು ಕೇಳಿದ. ಬಿಟ್ಟುಬಿಡು ಎಂದಳು ಗೌತಮಿ. ಹಾವು ತನ್ನದೇನೂ ತಪ್ಪಿಲ್ಲ, ಮೃತ್ಯು ಕಳುಹಿಸಿದ್ದರಿಂದ ಬಂದೆ ಎಂದಿತು. ಮೃತ್ಯು ಬಂದು ಕಾಲನನ್ನು ತೋರಿಸಿದ. ಕಾಲ ಬಂದು ಕರ್ಮವನ್ನು ತೋರಿಸಿದ. ಅಲ್ಲಿಗೆ ವಾದ ಮುಗಿಯಿತು. ದುಃಖಕ್ಕೆ ಸಮಾಧಾನವಾಗಿ ಇದು ಬಹು ದೊಡ್ಡ ಮಾತು. ಹಾವಿನ ಮೇಲಿನ ಹಗೆಯನ್ನು ಬಿಡಿಸುವ ಮಾತು. ಆದರೆ ಆ ಸರಪಳಿಯಲ್ಲಿ ಒಂದು ಕೊಂಡಿ ಇಲ್ಲ. ಹುಡುಗನಿಗೆ ಮದ್ದು ಸಿಕ್ಕಿತೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬಹುಶಃ ಕೇಳಿ ಫಲವಿಲ್ಲದ ಕಾಲ ಅದು.

ಹಾಗೆಂದು ನಮ್ಮ ಹಿರಿಯರು ಕೈಕಟ್ಟಿ ಕುಳಿತಿದ್ದರೆಂದು ಭಾವಿಸಬಾರದು. ಸುಶ್ರುತಸಂಹಿತೆಯ ಕಲ್ಪಸ್ಥಾನವು ಪೂರ್ತಿಯಾಗಿ ವಿಷಗಳ ವಿಚಾರಕ್ಕೇ ಮೀಸಲಾದ ಭಾಗ. ಅದರಲ್ಲಿ ಹಾವುಗಳನ್ನು ದರ್ವೀಕರ, ಮಂಡಲಿ, ರಾಜಿಮಂತ ಎಂದು ವಿಂಗಡಿಸಿದೆ. ಸೌಟಿನಂತೆ ಹೆಡೆ ಬಿಚ್ಚುವುದು ಮೊದಲನೆಯದು, ಮೈಮೇಲೆ ಮಂಡಲಗಳಿರುವುದು ಎರಡನೆಯದು, ಗೆರೆಗಳಿರುವುದು ಮೂರನೆಯದು. ನಾಗರಹಾವು, ಕೊಳಕುಮಂಡಲ, ಕಟ್ಟುಹಾವುಗಳನ್ನು ಬಲ್ಲ ನಮಗೆ ಈ ವಿಂಗಡಣೆ ಬರಿಯ ಕಲ್ಪನೆಯೆನಿಸುವುದಿಲ್ಲ. ಕಣ್ಣಿಟ್ಟು ನೋಡಿದವರು ಮಾಡಿದ್ದು. ಕಚ್ಚಿದ ಜಾಗದಿಂದ ನಾಲ್ಕು ಅಂಗುಲ ಮೇಲೆ ಕಟ್ಟು ಹಾಕಬೇಕೆಂದೂ, ಕುಯ್ದು ಹೀರಬೇಕೆಂದೂ, ರಕ್ತ ತೆಗೆಯಬೇಕೆಂದೂ ಅಲ್ಲಿ ವಿಧಾನಗಳಿವೆ. ಜೊತೆಗೆ ಒಂದು ಎಚ್ಚರಿಕೆಯೂ ಉಂಟು: ಗರ್ಭಿಣಿಯರಿಗೆ, ಮಕ್ಕಳಿಗೆ, ಮುದುಕರಿಗೆ ರಕ್ತ ತೆಗೆಯಬಾರದು, ಅವರ ಚಿಕಿತ್ಸೆ ಮೃದುವಾಗಿರಬೇಕು. ಎಷ್ಟು ಅನುಭವದ ಮಾತು ಇದು! ಎಳೆಯ ಮೈ ಹೆಚ್ಚು ಸಹಿಸಲಾರದು, ಆದ್ದರಿಂದ ಅದಕ್ಕೆ ಎಲ್ಲವೂ ಕಡಿಮೆ ಎಂಬ ಈ ತತ್ತ್ವವನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಇದಕ್ಕೇ ಮರಳಿ ಬರಬೇಕಾಗುತ್ತದೆ.

ಕನ್ನಡಕ್ಕೂ ಈ ಪರಂಪರೆಯಲ್ಲಿ ತನ್ನದೇ ಸ್ಥಾನವಿದೆ. ೧೪ನೆಯ ಶತಮಾನದಲ್ಲಿ, ವಿಜಯನಗರದ ಆರಂಭದ ದಿನಗಳಲ್ಲಿ ಬಾಳಿದ ಜೈನ ಕವಿ ಮಂಗರಾಜ ವಿಷವೈದ್ಯವನ್ನೇ ವಸ್ತುವಾಗಿಟ್ಟು ‘ಖಗೇಂದ್ರಮಣಿದರ್ಪಣ’ವನ್ನು ಬರೆದ. ಖಗೇಂದ್ರನೆಂದರೆ ಹಾವಿನ ಹಗೆಯಾದ ಗರುಡ. ಗಿಡ ಮರ ಖನಿಜಗಳ ಸ್ಥಾವರವಿಷ, ಪ್ರಾಣಿಗಳ ಜಂಗಮವಿಷ ಎಂದು ವಿಭಾಗಿಸಿ, ಲಕ್ಷಣಗಳನ್ನೂ ಔಷಧಗಳನ್ನೂ ಪದ್ಯಗಳಲ್ಲಿ ಹೇಳುವ ಗ್ರಂಥ ಅದು. ಕಾವ್ಯ ಶಾಸ್ತ್ರಗಳೆರಡೂ ಒಂದೇ ಬಳ್ಳಿಯಲ್ಲಿ ಬಿಡುತ್ತಿದ್ದ ಆ ಕಾಲದಲ್ಲಿ, ಲೋಹಿತಾಶ್ವನನ್ನು ಹಾಡಿದ ಭಾಷೆಯೇ ಅವನಂಥವರಿಗೆ ಮದ್ದನ್ನೂ ಹುಡುಕಿತು ಎಂಬುದು ಅಭಿಮಾನದ ಸಂಗತಿ. ಆದರೆ ರಕ್ತಕ್ಕೆ ಸೇರಿದ ವಿಷವನ್ನು ಹುಡುಕಿ ಹಿಡಿದು ನಿರ್ವೀರ್ಯಗೊಳಿಸುವ ಮದ್ದು ಆ ಬೇರುಗಳಲ್ಲಿ ಇರಲಿಲ್ಲ, ಮಂತ್ರಗಳಲ್ಲಿಯೂ ಇರಲಿಲ್ಲ. ಇದನ್ನು ಅಗೌರವದಿಂದ ಹೇಳುತ್ತಿಲ್ಲ. ಜಗತ್ತಿನ ಯಾವ ಮೂಲೆಯಲ್ಲಿಯೂ ಅದು ಆಗ ಇರಲಿಲ್ಲ.

ಇಲ್ಲದ ಮದ್ದಿಗೆ ಕೀರ್ತಿ ಬಂದದ್ದು ಹೇಗೆ ಎಂದು ನೀವು ಕೇಳಬಹುದು. ಉತ್ತರ ಸರಳ. ನಮ್ಮ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕೂಡ ಕೆಲವೊಮ್ಮೆ ಕಚ್ಚಿಯೂ ವಿಷ ಬಿಡುವುದಿಲ್ಲ. ಹೀಗೆ ತಾನಾಗಿಯೇ ಬದುಕಬೇಕಾಗಿದ್ದವರೆಲ್ಲ ಮಂತ್ರವಾದಿಯ ಲೆಕ್ಕಕ್ಕೆ, ಕಪ್ಪುಕಲ್ಲಿನ ಲೆಕ್ಕಕ್ಕೆ ಸೇರಿದರು. ಸತ್ತವರು ವಿಧಿಯ ಲೆಕ್ಕಕ್ಕೆ ಸೇರಿದರು. ಎರಡು ಲೆಕ್ಕಗಳನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸ ಬಹುಕಾಲ ನಡೆಯಲೇ ಇಲ್ಲ.

ಆ ಕೆಲಸ ತೊಡಗಿದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ವಿಶಾಖಪಟ್ಟಣದಲ್ಲಿದ್ದುಕೊಂಡು ಕೋರಮಂಡಲ ತೀರದ ಹಾವುಗಳನ್ನು ಸಂಗ್ರಹಿಸಿ, ಚಿತ್ರ ಬರೆಸಿ, ೧೭೯೬ರಲ್ಲಿ ಅವುಗಳ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ನಮ್ಮ ಕೊಳಕುಮಂಡಲಕ್ಕೆ ಇಂಗ್ಲಿಷರು ಇಟ್ಟ ಹೆಸರಿನಲ್ಲಿ ಅವನ ಹೆಸರು ಉಳಿದಿದೆ. ಮುಂದೆ ಜೋಸೆಫ್ ಫೇರರ್ ಎಂಬ ಸೈನ್ಯವೈದ್ಯ ಕಲ್ಕತ್ತೆಯಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿ, ೧೮೭೨ರಲ್ಲಿ ಭಾರತದ ವಿಷಸರ್ಪಗಳನ್ನು ಕುರಿತ ಮಹಾಗ್ರಂಥವನ್ನು ಹೊರತಂದ. ಜಿಲ್ಲೆ ಜಿಲ್ಲೆಗಳಿಂದ ಸಾವಿನ ಲೆಕ್ಕ ತರಿಸಿದವರಲ್ಲಿ ಅವನು ಮೊದಲಿಗ. ೧೮೬೯ರ ಒಂದೇ ವರ್ಷಕ್ಕೆ, ದೇಶದ ಅರ್ಧ ಭಾಗದಿಂದ ಬಂದ ಆ ಲೆಕ್ಕ ೧೧,೦೦೦ವನ್ನು ಮೀರಿತ್ತು. ಅವನು ಪರೀಕ್ಷಿಸಿದ ಮದ್ದುಗಳು ಹಲವಾರು; ನಾಟಿಯವೂ ಉಂಟು, ಯೂರೋಪಿನವೂ ಉಂಟು. ಒಂದೂ ಫಲಿಸಲಿಲ್ಲ. ಸರ್ಕಾರ ಹಾವು ಕೊಂದು ತಂದವರಿಗೆ ಬಹುಮಾನ ಕೊಡತೊಡಗಿತು. ಹಾವುಗಳೇನೋ ಸತ್ತವು, ಕಚ್ಚಿಸಿಕೊಂಡವರ ಸಂಖ್ಯೆ ಇಳಿಯಲಿಲ್ಲ. ಗೌತಮಿ ಬೇಡನಿಗೆ ಹೇಳಿದ ಮಾತು ಈ ದೃಷ್ಟಿಯಿಂದಲೂ ಸರಿಯಾಗಿತ್ತು.

ದಾರಿ ತೆರೆದದ್ದು ಬೇರೆ ಕಡೆಯಿಂದ. ಅದೂ ಮಕ್ಕಳ ಒಂದು ಕಾಯಿಲೆಯಿಂದ. ಗಂಟಲಮಾರಿ ಎಂದು ನಾವು ಕರೆಯುವ ಡಿಫ್ತೀರಿಯಾ ಆಗ ಯೂರೋಪಿನ ಮಕ್ಕಳನ್ನು ಉಸಿರುಕಟ್ಟಿಸಿ ಕೊಲ್ಲುತ್ತಿತ್ತು. ೧೮೯೦ರಲ್ಲಿ ಬರ್ಲಿನ್‌ನಲ್ಲಿ ಎಮಿಲ್ ಬೇರಿಂಗ್ ಮತ್ತು ಜಪಾನಿನ ಕಿತಸಾಟೊ ಒಂದು ಸಂಗತಿಯನ್ನು ತೋರಿಸಿದರು. ಆ ರೋಗದ ವಿಷವನ್ನು ಒಂದು ಪ್ರಾಣಿಗೆ ಸ್ವಲ್ಪ ಸ್ವಲ್ಪವಾಗಿ ರೂಢಿಮಾಡಿಸಿದರೆ, ಅದರ ರಕ್ತರಸದಲ್ಲಿ ಆ ವಿಷವನ್ನು ಅಡಗಿಸುವ ಶಕ್ತಿ ಹುಟ್ಟುತ್ತದೆ. ಆ ರಸವನ್ನು ಇನ್ನೊಂದು ಜೀವಕ್ಕೆ ಕೊಟ್ಟರೆ ಅಲ್ಲಿಯೂ ಕೆಲಸ ಮಾಡುತ್ತದೆ. ಇದಕ್ಕೂ ಮೊದಲು, ೧೮೮೭ರಲ್ಲಿ, ಅಮೆರಿಕದ ಹೆನ್ರಿ ಸ್ಯೂವಲ್ ಪಾರಿವಾಳಗಳಿಗೆ ಹಾವಿನ ವಿಷವನ್ನು ಹೀಗೆಯೇ ರೂಢಿಮಾಡಿಸಿದ್ದ. ಎರಡು ಎಳೆಗಳನ್ನೂ ಸೇರಿಸಿ ಹೊಸೆಯುವ ಕೈ ಬೇಕಾಗಿತ್ತು.

೧೮೯೧ರಲ್ಲಿ ಪಾಶ್ಚರ್‌ನ ಶಿಷ್ಯಪರಂಪರೆಗೆ ಸೇರಿದ ಆಲ್ಬರ್ಟ್ ಕಾಲ್ಮೆಟ್ ಎಂಬ ತರುಣ ವೈದ್ಯ ಫ್ರೆಂಚರ ವಸಾಹತಾಗಿದ್ದ ಸೈಗಾನ್‌ಗೆ ಬಂದ. ಸಿಡುಬಿಗೂ ಹುಚ್ಚುನಾಯಿ ಕಡಿತಕ್ಕೂ ಲಸಿಕೆ ತಯಾರಿಸುವ ಪ್ರಯೋಗಾಲಯವನ್ನು ಅಲ್ಲಿ ಸ್ಥಾಪಿಸುವುದು ಅವನಿಗೆ ವಹಿಸಿದ ಕೆಲಸ. ಅದೇ ವರ್ಷದ ಮಳೆಯಲ್ಲಿ ಮೆಕಾಂಗ್ ನದಿಯ ಮುಖಜಭೂಮಿಯ ಬಾಕ್ ಲಿಯೂ ಎಂಬ ಊರಿಗೆ ನೆರೆ ನುಗ್ಗಿತು. ಬಿಲಗಳು ಮುಳುಗಿದ ನಾಗರಹಾವುಗಳು ಜನರ ಗುಡಿಸಲುಗಳಿಗೆ ಹೊಕ್ಕವು. ೪೦ ಜನರನ್ನು ಕಚ್ಚಿದವು. ೪ ಜನ ಸತ್ತರು. ಹಿಡಿದ ೧೯ ಹಾವುಗಳನ್ನು ಒಂದು ಪೀಪಾಯಿಯಲ್ಲಿ ತುಂಬಿ ಕಾಲ್ಮೆಟ್‌ನ ಬಳಿಗೆ ಕಳುಹಿಸಿದರು. ಅವನ ಮುಂದಿನ ಸಾಧನೆಯ ಬೀಜ ಆ ಪೀಪಾಯಿಯಲ್ಲಿತ್ತು ಎನ್ನಬಹುದು. ಫ್ರಾನ್ಸಿಗೆ ಹಿಂದಿರುಗಿದ ಅವನು ೧೮೯೪ರಲ್ಲಿ ತನ್ನ ಪ್ರಯೋಗದ ಫಲವನ್ನು ಪ್ರಕಟಿಸಿದ. ಫಿಸಾಲಿಕ್ಸ್ ಮತ್ತು ಬರ್ಟ್ರಾಂಡ್ ಎಂಬ ಇನ್ನಿಬ್ಬರು ಅದೇ ವರ್ಷ ಪ್ಯಾರಿಸ್‌ನಲ್ಲಿ ಅದೇ ಫಲವನ್ನು ಬೇರೆಯಾಗಿ ಕಂಡಿದ್ದರು. ಲೀಲ್ ನಗರದಲ್ಲಿ ಕುದುರೆಗಳಿಗೆ ವಿಷವನ್ನು ರೂಢಿಮಾಡಿಸಿ ಕಾಲ್ಮೆಟ್ ತಯಾರಿಸಿದ ರಸವೇ ಜಗತ್ತಿನ ಮೊದಲ ಪ್ರತಿವಿಷ. ಮುಂದೆ ಕ್ಷಯರೋಗದ ವಿರುದ್ಧ ಬಿಸಿಜಿ ಲಸಿಕೆಯನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬನೂ ಇವನೇ. ಆ ಹೆಸರಿನ ನಡುವಣ ಅಕ್ಷರ ಅವನದು. ಹುಟ್ಟಿದ ಕೂಸುಗಳ ತೋಳಿನ ಮೇಲೆ ಇಂದು ಮೂಡುವ ಆ ಸಣ್ಣ ಗುರುತಿಗೂ, ಹಾವು ಕಚ್ಚಿದ ಮಗುವಿಗೆ ಏರಿಸುವ ಮದ್ದಿಗೂ ಒಬ್ಬನೇ ಕಾರಣಪುರುಷ ಎಂಬುದು ಚರಿತ್ರೆಯ ಒಂದು ಸುಂದರ ಕಾಕತಾಳೀಯ.

ಆದರೆ ಕಾಲ್ಮೆಟ್ ಒಂದು ತಪ್ಪು ಮಾಡಿದ. ನಾಗರಹಾವಿನ ವಿಷಕ್ಕೆ ತಯಾರಿಸಿದ ರಸವೇ ಎಲ್ಲ ಹಾವುಗಳಿಗೂ ಆದೀತೆಂದು ನಂಬಿದ. ಆಸ್ಟ್ರೇಲಿಯದಲ್ಲಿ ಮಾರ್ಟಿನ್, ಮುಂಬಯಿಯಲ್ಲಿ ಜಾರ್ಜ್ ಲ್ಯಾಂಬ್ ಇದನ್ನು ಪರೀಕ್ಷಿಸಿ ಅಲ್ಲವೆಂದು ತೋರಿಸಿದರು. ನಾಗರಹಾವಿನ ಪ್ರತಿವಿಷ ಕೊಳಕುಮಂಡಲದ ವಿಷಕ್ಕೆ ನಾಟುವುದಿಲ್ಲ. ಬ್ರೆಜಿಲ್‌ನಲ್ಲಿ ವೈಟಲ್ ಬ್ರೆಜಿಲ್ ಎಂಬ ವೈದ್ಯನೂ ತನ್ನ ದೇಶದ ಹಾವುಗಳಲ್ಲಿ ಇದನ್ನೇ ಕಂಡ. ಸಾವಿರ ವರ್ಷಗಳ ಹಿಂದೆಯೇ ಹಾವುಗಳನ್ನು ಹೆಡೆ, ಮಂಡಲ, ಗೆರೆಗಳಿಂದ ಬೇರೆಮಾಡಿದ ನಮ್ಮ ಶಾಸ್ತ್ರಕಾರರ ವಿವೇಕಕ್ಕೆ ಇದು ಹೊಸ ಸಮರ್ಥನೆ. ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ೧೯೦೫ರಲ್ಲಿ ಆರಂಭವಾದ ಕೇಂದ್ರ ಸಂಶೋಧನಾಲಯದಲ್ಲಿ ಈ ಎರಡು ಹಾವುಗಳಿಗೆ ಪ್ರತಿವಿಷ ತಯಾರಾಯಿತು. ೨೦ನೆಯ ಶತಮಾನದ ಮಧ್ಯದ ಹೊತ್ತಿಗೆ ಮುಂಬಯಿಯ ಹಾಫ್ಕಿನ್ ಸಂಸ್ಥೆ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಸಲ್ಲುವ ಒಂದೇ ಮದ್ದನ್ನು ತಂದಿತ್ತು. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಸುವುದು ಆ ಬಗೆಯ ಮದ್ದನ್ನೇ. ಅದಕ್ಕೆ ಬೇಕಾದ ವಿಷವನ್ನು ಬಹುಮಟ್ಟಿಗೆ ಒದಗಿಸುತ್ತ ಬಂದವರು, ೧೯೭೮ರಲ್ಲಿ ಮದರಾಸಿನ ಬಳಿ ಸಹಕಾರ ಸಂಘ ಕಟ್ಟಿಕೊಂಡ ಇರುಳರು, ಹಾವು ಹಿಡಿಯುವುದನ್ನು ತಲೆತಲಾಂತರದಿಂದ ಬಲ್ಲ ಜನ.

ಈಗ ಮದ್ದು ಕೈಗೆ ಬಂದಿತು. ಎದುರಿಗೆ ಹಾವು ಕಚ್ಚಿದ ಎರಡು ವರ್ಷದ ಮಗು ಮಲಗಿದೆ. ಎಷ್ಟು ಕೊಡಬೇಕು?

ಜ್ವರಕ್ಕಾಗಲಿ ಕೆಮ್ಮಿಗಾಗಲಿ ಮಗುವಿಗೆ ಕೊಡುವ ಔಷಧವನ್ನು ತೂಕ ನೋಡಿ ಅಳೆಯುತ್ತಾರೆ. ದೊಡ್ಡವರಿಗೆ ಒಂದು ಮಾತ್ರೆಯಾದರೆ ಮಗುವಿಗೆ ಕಾಲು ಮಾತ್ರೆ. ಸುಶ್ರುತನ ಮೃದುತತ್ತ್ವವೂ ಇದನ್ನೇ ಹೇಳುತ್ತದೆ, ಪ್ರತಿಯೊಬ್ಬ ತಾಯಿಯ ಕೈಯೂ ಇದನ್ನೇ ಬಲ್ಲದು. ಆದ್ದರಿಂದ ಹಾವಿನ ಮದ್ದನ್ನೂ ಮಗುವಿಗೆ ಕಡಿಮೆ ಕೊಡಬೇಕೆಂದು ತೋರುವುದು ಸಹಜ. ಸಹಜವಾದರೂ ಅದು ತಪ್ಪು. ಹಾವು ತಾನು ಕಚ್ಚುವವರ ತೂಕ ನೋಡುವುದಿಲ್ಲ. ಕೊಳಕುಮಂಡಲವೊಂದು ಒಂದು ಕಡಿತದಲ್ಲಿ ಸರಾಸರಿ ೬೩ ಮಿಲಿಗ್ರಾಂ ವಿಷವನ್ನು ಬಿಡುತ್ತದೆಂದು ಅಳೆದಿದ್ದಾರೆ. ೬೦ ಕಿಲೋ ತೂಗುವ ರೈತನ ಮೈಯಲ್ಲಿ ಅದು ಕಿಲೋ ಒಂದಕ್ಕೆ ಸುಮಾರು ೧ ಮಿಲಿಗ್ರಾಂ. ಅದೇ ಹಾವು ೧೨ ಕಿಲೋ ತೂಗುವ ಅವನ ಮಗುವನ್ನು ಕಚ್ಚಿದರೆ ಕಿಲೋ ಒಂದಕ್ಕೆ ೫ ಮಿಲಿಗ್ರಾಂ. ಪ್ರತಿವಿಷ ಹೋರಾಡುವುದು ಮಗುವಿನ ಮೈಯೊಂದಿಗಲ್ಲ, ಆ ವಿಷದೊಂದಿಗೆ. ನಮ್ಮ ದೇಶದ ಪ್ರತಿವಿಷದ ೧ ಮಿಲಿಲೀಟರ್ ಕೊಳಕುಮಂಡಲದ ೦.೬ ಮಿಲಿಗ್ರಾಂ ವಿಷವನ್ನು ಅಡಗಿಸುವಂತೆ ತಯಾರಾಗಿರುತ್ತದೆ. ೧೦ ಮಿಲಿಲೀಟರ್‌ನ ೧೦ ಸೀಸೆಗಳಾದರೆ ೬೦ ಮಿಲಿಗ್ರಾಂ ಆಯಿತು. ಆದ್ದರಿಂದ ವಿಷವೇರಿದ ದೊಡ್ಡವರಿಗೆ ಮೊದಲು ಎಷ್ಟು ಸೀಸೆಯೋ ಮಗುವಿಗೂ ಅಷ್ಟೇ ಸೀಸೆ. ತೂಕ ನೋಡಿ ಕಡಿಮೆ ಮಾಡುವುದು ಮದ್ದನ್ನು ಬೆರೆಸುವ ದ್ರವವನ್ನು ಮಾತ್ರ. ಕುದುರೆಯ ರಸ ಒಗ್ಗದೆ ಮೈ ಕೆರಳಿದರೆ ಕೊಡುವ ಇತರ ಔಷಧಗಳನ್ನು ಮಾತ್ರ.

ಇದು ಸಣ್ಣ ಲೆಕ್ಕದಂತೆ ಕಾಣಬಹುದು. ಆದರೆ ಇಡೀ ಚರಿತ್ರೆಯಲ್ಲಿ ಮಗುವಿನ ಪಾಲಿಗೆ ಮಹತ್ತಾದ ಮಾತು ಇದೇ ಎಂದು ನನಗೆ ತೋರುತ್ತದೆ. ಮಕ್ಕಳ ಮೇಲಿನ ನಮ್ಮ ಮಮತೆ ಎಂದಿನಿಂದಲೂ ಕಡಿಮೆ ಮಾಡುವ ಮಮತೆ: ಕಡಿಮೆ ಖಾರ, ಕಡಿಮೆ ಹೊರೆ, ಕಡಿಮೆ ಮದ್ದು. ಇಲ್ಲಿ ಮಾತ್ರ ಆ ಮಮತೆ ಲೆಕ್ಕ ತಿಳಿಯದಿದ್ದರೆ ಕೊಲ್ಲುತ್ತದೆ. ಮತ್ತು ಮೈ ಚಿಕ್ಕದಾದಷ್ಟೂ ವಿಷ ಏರುವುದು ಬೇಗ; ಮದ್ದಿನ ಅಳತೆ ದೊಡ್ಡವರದು, ಸಮಯದ ಅಳತೆಯಾದರೋ ದೊಡ್ಡವರಿಗಿಂತ ಕಿರಿದು.

ಮಗುವಿಗೆ ಇನ್ನೊಂದು ತೊಡಕೂ ಉಂಟು. ಅದಕ್ಕೆ ಮಾತು ಬಾರದು. ಅಂಗಳದಲ್ಲಿ ಆಡುತ್ತಿದ್ದ ಕೂಸು ಚಿಟ್ಟನೆ ಚೀರಿದರೆ ಬಿದ್ದಿತೆಂದು ತಿಳಿಯುತ್ತೇವೆ, ಇರುವೆ ಕಚ್ಚಿತೆಂದು ತಿಳಿಯುತ್ತೇವೆ. ನಾಗರಹಾವಿನದೋ ಮಂಡಲದ್ದೋ ಕಡಿತವಾದರೆ ಬಾವು, ನೋವು, ಒಸರುವ ರಕ್ತ ಇವಾದರೂ ಸುಳಿವು ಕೊಡುತ್ತವೆ. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ವೈದ್ಯರು ಸ್ವಲ್ಪ ರಕ್ತವನ್ನು ಒಂದು ಗಾಜಿನ ನಳಿಗೆಯಲ್ಲಿ ೨೦ ನಿಮಿಷ ಅಲುಗಾಡಿಸದೆ ಇಟ್ಟು, ಬಾಗಿಸಿ ನೋಡುತ್ತಾರೆ. ಹೆಪ್ಪಾಗದೆ ಹರಿದರೆ ವಿಷವೇರಿದೆಯೆಂದು ತಿಳಿಯುತ್ತಾರೆ. ದೊಡ್ಡ ಯಂತ್ರವೇನೂ ಬೇಡದ ಪರೀಕ್ಷೆ ಅದು.

ಕಟ್ಟುಹಾವಿನ ರೀತಿಯೇ ಬೇರೆ. ಅದು ಇರುಳಿನ ಪ್ರಾಣಿ. ಸಣ್ಣ ಪ್ರಾಣಿಗಳನ್ನು ಅರಸುತ್ತ ಮನೆಯೊಳಕ್ಕೆ ಬಂದು, ನೆಲದ ಮೇಲೆ ಮಲಗಿದವರ ಹಾಸಿಗೆಗೆ ಸರಿಯುತ್ತದೆ. ಮಗ್ಗುಲು ಬದಲಿಸಿದ ಕೈಯೋ ಕಾಲೋ ತಗಲಿದರೆ ಕಚ್ಚುತ್ತದೆ. ನೋವು ಇಲ್ಲವೆನ್ನುವಷ್ಟು ಕಡಿಮೆ; ಬಾವಿಲ್ಲ; ಹಲ್ಲಿನ ಗುರುತು ಕಣ್ಣಿಗೆ ಬೀಳುವುದೇ ಕಷ್ಟ. ನಿದ್ದೆ ಹೋದ ಮಗು ಎಚ್ಚರಗೊಳ್ಳದೆಯೂ ಇರಬಹುದು. ನಡುರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ಹೊಟ್ಟೆನೋವೆಂದು ಅಳುತ್ತದೆ. ತಾಯಿ ಬಿಸಿನೀರು ಕುಡಿಸುತ್ತಾಳೆ, ದೃಷ್ಟಿ ತೆಗೆಯುತ್ತಾಳೆ. ಬೆಳಕು ಹರಿಯುವ ಹೊತ್ತಿಗೆ ಮಗುವಿನ ರೆಪ್ಪೆಗಳು ಮುಚ್ಚಿಕೊಂಡು ಬರುತ್ತವೆ. ರಾತ್ರಿಯೆಲ್ಲ ಅತ್ತಿದೆ, ನಿದ್ದೆ ಬಂದಿದೆ ಎಂದುಕೊಳ್ಳುತ್ತಾರೆ. ಅದು ನಿದ್ದೆಯಲ್ಲ, ಸ್ನಾಯುಗಳ ಸೋಲು. ರೆಪ್ಪೆಯಲ್ಲಿ ತೊಡಗಿದ ಸೋಲು ನುಂಗುವ ಗಂಟಲಿಗೆ, ಅಲ್ಲಿಂದ ಉಸಿರಾಡಿಸುವ ಎದೆಗೆ ಇಳಿಯುತ್ತದೆ. ಮಳೆಗಾಲದ ಬೆಳಗಿನಲ್ಲಿ, ನೆಲದ ಮೇಲೆ ಮಲಗಿದ್ದ ಮಗು ಕಾರಣವಿಲ್ಲದ ಹೊಟ್ಟೆನೋವಿನಿಂದ ಅತ್ತು ರೆಪ್ಪೆ ಎತ್ತಲಾರದೆ ಹೋದರೆ, ಕಚ್ಚಿದ ಗುರುತು ಕಾಣದಿದ್ದರೂ ಹಾವನ್ನು ನೆನೆಯಬೇಕು. ನೆಲದಿಂದ ಎತ್ತರಿಸಿದ ಒಂದು ಮಂಚ, ಅಂಚನ್ನು ಹಾಸಿಗೆಯ ಕೆಳಗೆ ಮಡಿಸಿದ ಒಂದು ಸೊಳ್ಳೆಪರದೆ, ಇವು ಆ ಇರುಳನ್ನೇ ತಪ್ಪಿಸಬಲ್ಲವು.

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ಲೆಕ್ಕ ಹೇಗಿದೆ? ೨೦೦೦ದಿಂದ ೨೦೧೯ರವರೆಗಿನ ಸಾವುಗಳನ್ನು ಮನೆಮನೆಗಳಲ್ಲಿ ವಿಚಾರಿಸಿ ಮಾಡಿದ ಅಂದಾಜೊಂದು ೨೦೨೦ರಲ್ಲಿ ಪ್ರಕಟವಾಯಿತು. ಅದರಂತೆ ಆ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವಿನಿಂದ ಸತ್ತವರು ಸುಮಾರು ೧೨ ಲಕ್ಷ. ವರ್ಷಕ್ಕೆ ಸರಾಸರಿ ೫೮,೦೦೦. ಅವರಲ್ಲಿ ಕಾಲುಭಾಗಕ್ಕೂ ಹೆಚ್ಚು ಜನ ೧೫ ವರ್ಷದೊಳಗಿನವರು. ಭಾಗಿಸಿ ನೋಡಿದರೆ ದಿನಕ್ಕೆ ೪೦ರಷ್ಟು ಮಕ್ಕಳು. ಹೆಚ್ಚಿನ ಸಾವುಗಳು ಹಳ್ಳಿಗಳಲ್ಲಿ, ಮಳೆಗಾಲದಲ್ಲಿ, ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ ಆದವು. ಮದ್ದು ಹುಟ್ಟಿ ನೂರಿಪ್ಪತ್ತು ವರ್ಷಗಳಾದ ಮೇಲಿನ ಲೆಕ್ಕ ಇದು. ೨೦೧೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಲಕ್ಷಿತ ರೋಗಗಳ ಮುಖ್ಯ ಪಟ್ಟಿಗೆ ಸೇರಿಸಿತು. ೨೦೨೪ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ವಿಧಿಸಿತು. ಅದೇ ವರ್ಷ ಕೇಂದ್ರ ಸರ್ಕಾರ ೨೦೩೦ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಕಾರ್ಯಯೋಜನೆಯನ್ನು ಪ್ರಕಟಿಸಿತು. ಫೇರರ್ ತರಿಸಿದ ಲೆಕ್ಕ ಹಾವು ಕೊಲ್ಲುವುದಕ್ಕೆ ದಾರಿಯಾಯಿತು. ಈಗಿನ ಲೆಕ್ಕ ಮಕ್ಕಳನ್ನು ಉಳಿಸುವುದಕ್ಕೆ ದಾರಿಯಾಗಲಿ. ಮದ್ದಿನಲ್ಲಿಯೂ ಕೊರತೆಗಳಿವೆ. ಒಂದೇ ಜಾತಿಯ ಹಾವಿನ ವಿಷ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ. ಪಶ್ಚಿಮಘಟ್ಟದ ಕೆಲವು ಗುಳಿಮಂಡಲಗಳ ವಿಷಕ್ಕೆ ಈಗಿನ ಪ್ರತಿವಿಷ ಸಲ್ಲುವುದಿಲ್ಲ. ವಿಜ್ಞಾನಿಗಳ ಕೆಲಸ ಮುಗಿದಿಲ್ಲ.

ಆದರೆ ನಮ್ಮ ಕೆಲಸ ಅವರಿಗಾಗಿ ಕಾಯಬೇಕಾಗಿಲ್ಲ. ಹಗ್ಗ ಬಿಗಿದು ಕಟ್ಟಬೇಡಿ, ಕುಯ್ಯಬೇಡಿ, ಹೀರಬೇಡಿ, ಹಾವನ್ನು ಬೆನ್ನಟ್ಟಬೇಡಿ ಎಂದು ಇಂದಿನ ವೈದ್ಯರು ಹೇಳುತ್ತಾರೆ. ಮೂಳೆ ಮುರಿದಾಗ ಮಾಡುವಂತೆ ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಬೇಕು. ಮಗುವನ್ನು ನಡೆಸಕೂಡದು, ಓಡಿಸಕೂಡದು. ಮಗುವಿನ ಪಾಲಿಗೆ ಇರುವ ಒಂದೇ ಅನುಕೂಲ ಅದು: ಅದನ್ನು ಎತ್ತಿಕೊಂಡು ಹೋಗಬಹುದು. ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡಾದರೂ ಸರಿ, ಪ್ರತಿವಿಷವಿರುವ ಆಸ್ಪತ್ರೆಯ ದಾರಿಯನ್ನು ನೇರವಾಗಿ ಹಿಡಿಯಬೇಕು. ಪ್ರಾರ್ಥನೆ ಮಾಡುವವರು ದಾರಿಯಲ್ಲಿಯೇ ಮಾಡಬಹುದು. ಪ್ರಾರ್ಥನೆಗಾಗಿ ದಾರಿಯನ್ನು ಬದಲಿಸಬಾರದು.

ಕೊನೆಯದಾಗಿ ಒಂದು ಮಾತು. ಕಟ್ಟುಹಾವಿನ ವಿಷ ಪೂರ್ತಿಯಾಗಿ ಏರಿದ ಮಗು ನೋಡುವವರ ಕಣ್ಣಿಗೆ ಸತ್ತ ಮಗುವಿನಂತೆಯೇ ಇರುತ್ತದೆ. ರೆಪ್ಪೆ ಅಲುಗದು, ಬೆರಳು ಮಿಸುಕದು, ಎದೆ ಏರಿಳಿಯದು. ಬೆಳಕು ಬಿಟ್ಟರೆ ಕಣ್ಣಿನ ಪಾಪೆಯೂ ಕಿರಿದಾಗದಿರಬಹುದು. ಆದರೂ ಒಳಗೆ ಹೃದಯ ಮಿಡಿಯುತ್ತಿರುತ್ತದೆ, ಅರಿವೂ ಇದ್ದೀತು. ಅಂಥ ಮಗುವಿಗೆ ವೈದ್ಯರು ಗಂಟಲಿಗೆ ನಳಿಗೆ ಇಳಿಸಿ, ಮೊದಲು ಕೈಯಿಂದ ರಬ್ಬರಿನ ಚೀಲವನ್ನು ಒತ್ತುತ್ತ, ಅನಂತರ ಯಂತ್ರದಿಂದ, ತಾವೇ ಉಸಿರು ಕೊಡುತ್ತಾರೆ. ಒಂದು ದಿನ, ಎರಡು ದಿನ, ಕೆಲವೊಮ್ಮೆ ವಾರ. ಮದ್ದು ತನ್ನ ಕೆಲಸ ಮಾಡುತ್ತದೆ, ನರಗಳು ಚೇತರಿಸಿಕೊಳ್ಳುತ್ತವೆ. ಒಂದು ಬೆಳಗ್ಗೆ ರೆಪ್ಪೆ ಅಲುಗುತ್ತದೆ. ಹೀಗೆ ಕಣ್ಣು ತೆರೆದ ಮಕ್ಕಳು ಹಲವರು.

ರಾಘವಾಂಕನ ಕಾವ್ಯದಲ್ಲಿ ಲೋಹಿತಾಶ್ವ ಎದ್ದು ಕೂತಾಗ ಕಾವ್ಯದ ಪವಾಡವೆಂದು ನಾವು ಸಮಾಧಾನಪಟ್ಟುಕೊಂಡೆವು. ಆ ಪವಾಡದ ಒಂದು ಪಾಲು ಈಗ ಮನುಷ್ಯರ ಕೈಗೆ, ಜಿಲ್ಲಾ ಆಸ್ಪತ್ರೆಯ ಒಬ್ಬ ವೈದ್ಯನ, ಒಬ್ಬ ದಾದಿಯ ಕೈಗೆ ಬಂದಿದೆ. ಆದರೆ ಅವರ ಕೈಗೆ ಮಗು ಹೊತ್ತಿಗೆ ಸರಿಯಾಗಿ ಸೇರಬೇಕು. ಅದು ಹುಡುಗರು ಸುದ್ದಿ ತಂದ ಗಳಿಗೆಗೂ ಚಂದ್ರಮತಿ ಹೊರಟ ಗಳಿಗೆಗೂ ನಡುವಿನ ಮಾತು. ಇಂದು ಅವಳನ್ನು ತಡೆದು ನಿಲ್ಲಿಸುವ ಒಡೆಯನಿಲ್ಲ. ಮೊದಲು ಮಂತ್ರ ಹಾಕಿಸೋಣ, ಬೆಳಗಾಗಲಿ ನೋಡೋಣ ಎನ್ನುವ ನೆರೆಹೊರೆಯ ಮಾತುಗಳಿವೆ, ನಮ್ಮದೇ ಅನುಮಾನಗಳಿವೆ. ಅವು ಅವಳನ್ನು ತಡೆಯದಿರಲಿ.